ನೀರು ಕುಡಿಯದೆ ಗುಡ್ಡ ಹತ್ತುವವರು

ಕಲಬುರಗಿಯ ಅಪ್ಪನ ಕೆರೆ ದಂಡೆಯ ಮೇಲೆ ಬೆಳಿಗ್ಗೆ ವಾಕಿಂಗ್ ಮಾಡುವ ನಮ್ಮ ಗುಂಪಿನಲ್ಲಿ 19 ವರ್ಷದ ಕಾಲೇಜು ಹುಡುಗಿಯಿಂದ ಹಿಡಿದು 63ರ ನಿವೃತ್ತ ಶಿಕ್ಷಕಿಯವರೆಗೆ ಎಲ್ಲರೂ ಇದ್ದಾರೆ. ಹೋದ ಡಿಸೆಂಬರಿನ ಒಂದು ಭಾನುವಾರ 22 ಮಂದಿ ಕೂಡಿ ಚಿಂಚೋಳಿ ಕಾಡಿಗೆ ಹೊರಟೆವು. ಚಂದ್ರಂಪಳ್ಳಿ ಡ್ಯಾಮಿನ ಸುತ್ತಲಿನ ಗುಡ್ಡಗಳಲ್ಲಿ ಎಂಟು ಕಿಲೋಮೀಟರ್ ನಡೆದು ಸಂಜೆಗೆ ಕಲಬುರಗಿ ಸೇರುವ ಲೆಕ್ಕ. ಕಟಕ್ ರೊಟ್ಟಿ, ಶೇಂಗಾ ಹಿಂಡಿ, ಪುಂಡಿ ಪಲ್ಯ ಎಲ್ಲ ಕಟ್ಟಿಕೊಂಡಿದ್ದೆವು. ಪ್ರತಿಯೊಬ್ಬರ ಚೀಲದಲ್ಲೂ ಎರಡು ಬಾಟಲಿ ನೀರು.

ಮಧ್ಯಾಹ್ನ ಹನ್ನೆರಡಕ್ಕೆ 52 ವರ್ಷದ ಒಬ್ಬರು ಗುಡ್ಡದ ನೆತ್ತಿಯಲ್ಲಿ ತಲೆ ಹಿಡಿದು ಕುಸಿದು ಕುಳಿತರು. ಕಣ್ಣು ಕತ್ತಲೆ, ತಲೆನೋವು, ವಾಕರಿಕೆ. ಅವರ ಚೀಲ ತೆಗೆದು ನೋಡಿದರೆ ಎರಡೂ ಬಾಟಲಿ ಮುಚ್ಚಳ ತೆರೆಯದೆ ಹಾಗೇ ಇದ್ದವು. ನಸುಕಿನ ಐದಕ್ಕೆ ಅರ್ಧ ಕಪ್ ಚಹಾ ಕುಡಿದದ್ದೇ ಕೊನೆ. ಯಾಕೆ ಎಂದು ಕೇಳಿದೆ.

“ನೀರ್ ಕುಡದ್ರ ನಡುವ ಎಲ್ಲಿ ಕೂಡ್ಬೇಕ್ರಿ ಮೇಡಮ್ರೀ? ಗಾಡಿ ಹೊಡಿಯಾಂವ ಗಂಡಸು, ದಾರಿ ತೋರ್ಸಾಂವ ಗಂಡಸು.”

ಸ್ತ್ರೀರೋಗ ತಜ್ಞೆಯಾಗಿ ಇಷ್ಟು ವರ್ಷ ಕೆಲಸ ಮಾಡಿದವಳು ನಾನು. ಬಾಟಲಿ ಎಷ್ಟಿವೆ ಎಂದು ಎಣಿಸಿದ್ದೆ, ಕುಡಿದ ಮೇಲೆ ಎಲ್ಲಿಗೆ ಹೋಗುತ್ತಾರೆ ಎಂದು ಯೋಚಿಸಿರಲಿಲ್ಲ. ಉಳಿದವರನ್ನು ಕೇಳಿದಾಗ ಅರ್ಧಕ್ಕೂ ಹೆಚ್ಚು ಮಂದಿ ಬೇಕೆಂದೇ ಬಾಯಿ ಒಣಗಿಸಿಕೊಂಡು ನಡೆಯುತ್ತಿದ್ದರು. ಮುಂದಿನ ಮೂರು ದಿನದಲ್ಲಿ ಅವರಲ್ಲೇ ಇಬ್ಬರು ಉರಿಮೂತ್ರ ಎಂದು ನನ್ನ ದವಾಖಾನೆಗೆ ಬಂದರು. ಚಾರಣಕ್ಕೆ ಹೋಗುವ ಹೆಂಗಸರಿಗೆ ಬೂಟು, ಟೋಪಿ, ಕೋಲಿನ ಬಗ್ಗೆ ಹೇಳುವವರು ಬೇಕಾದಷ್ಟು ಮಂದಿ ಸಿಗುತ್ತಾರೆ. ಈ ಮಾತನ್ನು ಯಾರೂ ಎತ್ತುವುದಿಲ್ಲವಾದ್ದರಿಂದ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ಆ ಕಾಡಿನ ಸ್ವಭಾವ. 2011ರಲ್ಲಿ ವನ್ಯಜೀವಿಧಾಮವಾದ, ಸುಮಾರು 135 ಚದರ ಕಿಲೋಮೀಟರಿನ ಚಿಂಚೋಳಿ ಕಾಡು ಮಲೆನಾಡಿನ ಹಾಗೆ ವರ್ಷವಿಡೀ ನೆರಳು ಕೊಡುವಂಥದ್ದಲ್ಲ. ಎಲೆ ಉದುರಿಸುವ ಒಣ ಕಾಡು ಅದು. ಚಳಿಗಾಲ ಕಳೆಯುತ್ತಾ ಬಂದಂತೆ ತೇಗದ ಎಲೆ ಉದುರಿ ನೆರಳು ತೆಳ್ಳಗಾಗುತ್ತದೆ. ಬೆಳಿಗ್ಗೆ ಸ್ವೆಟರ್ ಹಾಕಿಕೊಂಡು ಹೊರಟವರಿಗೆ ಮಧ್ಯಾಹ್ನದ ಹೊತ್ತಿಗೆ ನೆತ್ತಿಯ ಮೇಲೆ ನೇರ ಬಿಸಿಲು. ಒಣ ಗಾಳಿಗೆ ಬೆವರು ಆಗಿಂದಾಗಲೇ ಆರಿಬಿಡುವುದರಿಂದ ಮೈಯಿಂದ ಎಷ್ಟು ನೀರು ಹೋಯಿತು ಎಂಬುದು ಗೊತ್ತೇ ಆಗುವುದಿಲ್ಲ. ಗುಡ್ಡ ಹತ್ತುವಾಗ ಗಂಟೆಗೆ ಅರ್ಧ ಲೀಟರ್ ಬೆವರು ಹೋಗುವುದು ಸಾಮಾನ್ಯ. ಮೈತೂಕದ ನೂರಕ್ಕೆ ಎರಡರಷ್ಟು ನೀರು ಕಳೆದರೆ, ಅಂದರೆ 60 ಕಿಲೋ ತೂಗುವವರಿಗೆ 1.2 ಲೀಟರ್, ಕಾಲು ಸೋಲುತ್ತದೆ, ತಲೆ ಸಿಡಿಯುತ್ತದೆ. ನಮ್ಮ 52ರ ಗೆಳತಿಗೆ ಬಿಪಿ ಇತ್ತು. ಅವರು ನುಂಗುತ್ತಿದ್ದ ಗುಳಿಗೆಯಲ್ಲಿ ಮೂತ್ರ ಹೆಚ್ಚಿಸುವ ಔಷಧವೂ ಇತ್ತು. ನೀರು ಎರಡು ಕಡೆಯಿಂದ ಸೋರಿತು, ಒಳಗೆ ಹನಿಯೂ ಹೋಗಲಿಲ್ಲ. ಇಂಥ ಗುಳಿಗೆ ತೆಗೆದುಕೊಳ್ಳುವವರು ಹೊರಡುವ ಮುನ್ನ ತಮ್ಮ ವೈದ್ಯರನ್ನು ಕೇಳಬೇಕು, ತಾವಾಗಿಯೇ ಬಿಡಬಾರದು.

ಉರಿಮೂತ್ರದ ಕತೆ ಇದಕ್ಕೇ ಅಂಟಿಕೊಂಡಿದೆ. ಹೆಣ್ಣಿನ ಮೂತ್ರನಾಳ ನಾಲ್ಕು ಸೆಂಟಿಮೀಟರ್‌ನಷ್ಟೇ ಉದ್ದ. ಹೊರಗಿನ ರೋಗಾಣು ಮೂತ್ರಕೋಶ ಮುಟ್ಟುವುದಕ್ಕೆ ದೂರದ ದಾರಿ ಬೇಕಿಲ್ಲ. ಅದನ್ನು ಹೊರಗೆ ತೊಳೆದು ಹಾಕುವುದು ಮೂತ್ರವೇ. ಆರೇಳು ತಾಸು ತಡೆದು ಹಿಡಿದರೆ ಒಳಗೆ ಹೊಕ್ಕ ರೋಗಾಣುವಿಗೆ ಬೆಳೆಯಲು ಬಿಡುವು ಸಿಗುತ್ತದೆ. 2018ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಮೇಲಿಂದ ಮೇಲೆ ಉರಿಮೂತ್ರ ಬರುವ, ನೀರು ಕಡಿಮೆ ಕುಡಿಯುವ 140 ಮಹಿಳೆಯರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ದಿನಕ್ಕೆ ಒಂದೂವರೆ ಲೀಟರ್ ನೀರು ಹೆಚ್ಚು ಕುಡಿಸಿದರು. ವರ್ಷದಲ್ಲಿ ಆ ಗುಂಪಿನವರಿಗೆ ಸರಾಸರಿ 1.7 ಸಲ ಸೋಂಕು ಬಂದರೆ ಉಳಿದವರಿಗೆ 3.2 ಸಲ. ಬರೀ ನೀರಿನಿಂದ ಇಷ್ಟು!

ಹಾಗಾದರೆ ಎಲ್ಲಿ ಕೂಡುವುದು? ಇದಕ್ಕೆ ಉತ್ತರ ನನ್ನ ಪುಸ್ತಕಗಳಲ್ಲಿ ಸಿಗಲಿಲ್ಲ. ಅಂದು ಕಟ್ಟಿಗೆ ಹೊರೆ ಇಳಿಸಿ ದಣಿವಾರಿಸಿಕೊಳ್ಳುತ್ತಿದ್ದ ತಾಂಡಾದ ಹೆಂಗಸೊಬ್ಬರು ನಮ್ಮ ಮಾತು ಕೇಳಿಸಿಕೊಂಡು ಹೇಳಿದರು: “ಒಬ್ಬಾಕಿ ಯಾಕ ಹೋಗ್ಬೇಕ್ ಅಕ್ಕಾ? ನಾವು ನಾಕ್ ಮಂದಿ ಕೂಡೇ ಹೋಗ್ತೀವಿ. ಇಬ್ರು ಸೆರಗ ಹಿಡದು ನಿಂದರ್ತಾರ.”

ಫೆಬ್ರುವರಿ ಮೊದಲ ವಾರ ಎರಡನೇ ಸಲ ಹೋದಾಗ ಅದನ್ನೇ ಮಾಡಿದೆವು. ಎರಡು ಹಳೆಯ ಸೀರೆ, ನಾಲ್ಕು ಜನ. ಒಂದೂವರೆ ತಾಸಿಗೊಮ್ಮೆ ಗುಂಪು ನಿಲ್ಲುತ್ತದೆ, ದಾರಿ ತೋರಿಸುವವರು ಐವತ್ತು ಹೆಜ್ಜೆ ಮುಂದೆ ಹೋಗಿ ಕಾಯುತ್ತಾರೆ. ಇದನ್ನು ಹೊರಡುವ ಮುಂಚೆಯೇ ಅವರಿಗೆ ಹೇಳಿದ್ದೆವು. ಸಂಕೋಚ ನಮಗಿತ್ತು, ಅವರಿಗೇನೂ ಇರಲಿಲ್ಲ. ಬೇಕೋ ಬೇಡವೋ, ಎಲ್ಲರೂ ನಿಲ್ಲಬೇಕು ಎಂಬುದು ನಿಯಮ. “ನನಗಾಗಿ ನಿಲ್ಲಿಸಿ” ಎಂದು ಯಾರೂ ಬಾಯಿ ಬಿಟ್ಟು ಕೇಳುವ ಪ್ರಸಂಗ ಬರಬಾರದು.

ಸೀರೆಯ ಮರೆಯಿಂದ ಇನ್ನೊಂದು ದೊಡ್ಡ ಲಾಭವಿದೆ. ಮರೆ ಬೇಕೆಂದು ಹೆಂಗಸರು ಹುಡುಕಿಕೊಂಡು ಹೋಗುವುದು ದಟ್ಟ ಪೊದೆಯನ್ನು, ಬಂಡೆಯ ಸಂದಿಯನ್ನು, ಒಣ ಎಲೆಯ ಗುಡ್ಡೆಯನ್ನು. ಹಾವು, ಚೇಳು ಇರುವುದೂ ಅಲ್ಲೇ. ಸೀರೆ ಇದ್ದರೆ ನೆಲ ಕಾಣುವ ಬಯಲಿನಲ್ಲಿ, ಕೋಲಿನಿಂದ ತಟ್ಟಿ ನೋಡಿ ಕೂಡಬಹುದು. ಅಕಸ್ಮಾತ್ ಹಾವು ಕಚ್ಚಿದರೆ ಕೊಯ್ಯುವುದು, ಚೀಪುವುದು, ಬಿಗಿಯಾಗಿ ಕಟ್ಟುವುದು ಯಾವುದೂ ಬೇಡ. ಕಚ್ಚಿದ ಭಾಗ ಅಲುಗಾಡದಂತೆ ನೋಡಿಕೊಂಡು, ನಡೆಸದೆ ಹೊತ್ತುಕೊಂಡು ಗಾಡಿಗೆ, ಅಲ್ಲಿಂದ ವಿಷನಿರೋಧಕ ಇಂಜೆಕ್ಷನ್ ಇರುವ ಆಸ್ಪತ್ರೆಗೆ. ಕಾಡಿನೊಳಗೆ ಮೊಬೈಲ್ ಸಿಗ್ನಲ್ ನಂಬುವಂತಿಲ್ಲ. ಹಾಗಾಗಿ ಗಾಡಿ ಎಲ್ಲಿ ನಿಂತಿದೆ, ಎಷ್ಟು ದೂರ ಎಂಬುದು ಎಲ್ಲರಿಗೂ ಗೊತ್ತಿರಬೇಕು.

ಕೂಡುವ ರೀತಿಯ ಬಗ್ಗೆಯೂ ಒಂದು ಮಾತು. ನೆಲ ಹೊಲಸು ಎಂದು ಅರ್ಧ ಬಗ್ಗಿ ನಿಂತರೆ ಕಿಬ್ಬೊಟ್ಟೆಯ ತಳದ ಸ್ನಾಯುಗಳು ಸಡಿಲಗೊಳ್ಳದೆ ಮೂತ್ರಕೋಶ ಪೂರ್ತಿ ಖಾಲಿಯಾಗುವುದಿಲ್ಲ. ನಮ್ಮ ಅಜ್ಜಿಯರ ಹಾಗೆ ಪೂರ್ತಿ ಕುಕ್ಕರುಗಾಲಲ್ಲಿ ಕೂಡಿ, ಅವಸರ ಮಾಡಬೇಡಿ. ಬಿಗಿಯಾದ ಜೀನ್ಸಿಗಿಂತ ಸಡಿಲ ಪೈಜಾಮ, ಉದ್ದ ಕುರ್ತಾ ಒಳ್ಳೆಯದು. ಕುರ್ತಾ ಇದ್ದರೆ ಅರ್ಧ ಮರೆ ಅಲ್ಲೇ ಸಿಕ್ಕಿತು.

ನೀರು ಕುಡಿಯದಿರುವುದಕ್ಕೆ ಇನ್ನೊಂದು ಕಾರಣವನ್ನು 45 ದಾಟಿದವರು ಕಿವಿಯಲ್ಲಿ ಹೇಳುತ್ತಾರೆ. ಇಳಿಜಾರಿನಲ್ಲಿ ಹೆಜ್ಜೆ ಕುಕ್ಕಿದಾಗ, ಸೀನಿದಾಗ, ನಕ್ಕಾಗ ಮೂತ್ರ ಹನಿಯುತ್ತದೆ. ಹೆರಿಗೆಗಳಲ್ಲಿ ಸಡಿಲಾದ ಸ್ನಾಯುಗಳು ಇದಕ್ಕೆ ಕಾರಣ. ವಯಸ್ಸಾಯಿತು ಎಂದು ಸುಮ್ಮನಿರುವಂಥದ್ದಲ್ಲ ಇದು. ಅಮೆರಿಕದ ವೈದ್ಯ ಆರ್ನಾಲ್ಡ್ ಕೆಗೆಲ್ 1948ರಲ್ಲೇ ವ್ಯಾಯಾಮ ವಿವರಿಸಿದ್ದಾರೆ. ಗಾಳಿ ಹೋಗದಂತೆ ತಡೆಯುವ ಸ್ನಾಯುವನ್ನು ಒಳಕ್ಕೆ ಮೇಲಕ್ಕೆ ಎಳೆದು ಹಿಡಿದು ಬಿಡುವುದು. ಒಂದು ಸಲಕ್ಕೆ ಎಂಟು ಹತ್ತು, ದಿನಕ್ಕೆ ಮೂರು ಸಲ, ಕನಿಷ್ಠ ಮೂರು ತಿಂಗಳು. ರೊಟ್ಟಿ ಬಡಿಯುತ್ತಲೂ ಮಾಡಬಹುದು. ಸೀನು ಬರುವ ಮುನ್ನ ಬಿಗಿ ಹಿಡಿಯುವುದು ರೂಢಿಯಾದರೆ ಅಂದಿನ ಮಟ್ಟಿಗೆ ಅರ್ಧ ಕಷ್ಟ ತಪ್ಪುತ್ತದೆ.

ಮುಟ್ಟಿನ ದಿನ ಬಂತೆಂದು ಮುಂದೂಡುವ ಗುಳಿಗೆ ಕೇಳುವವರೂ ಇದ್ದಾರೆ. ಒಂದು ದಿನದ ನಡಿಗೆಗೆ ಅದು ಬೇಡ ಎನ್ನುವುದು ನನ್ನ ಖಚಿತ ಅಭಿಪ್ರಾಯ. ರಕ್ತ ಹೆಪ್ಪುಗಟ್ಟುವ ತೊಂದರೆ ಇದ್ದವರಿಗಂತೂ ಅಪಾಯ. ಹೊಟ್ಟೆನೋವು ಇಲ್ಲದಿದ್ದರೆ ಮುಟ್ಟಿನಲ್ಲೂ ಧಾರಾಳವಾಗಿ ನಡೆಯಬಹುದು. ಬಳಸಿದ ಪ್ಯಾಡನ್ನು ಕಾಡಿನಲ್ಲಿ ಹೂಳಬೇಡಿ, ಸುಡಬೇಡಿ. ಕಾಗದದಲ್ಲಿ ಸುತ್ತಿ ಗಟ್ಟಿ ಚೀಲದಲ್ಲಿ ಊರಿಗೆ ವಾಪಸ್ ತನ್ನಿ.

ದೇಶದಲ್ಲಿ 15ರಿಂದ 49 ವಯಸ್ಸಿನ ನೂರು ಮಹಿಳೆಯರಲ್ಲಿ 57 ಮಂದಿಗೆ ರಕ್ತಹೀನತೆ ಇದೆ ಎಂದು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿದೆ. ಮನೆಯ ಮೆಟ್ಟಿಲಿಗೇ ಏದುಸಿರು ಬರುವವರು ಗುಡ್ಡಕ್ಕಿಂತ ಮೊದಲು ಹಿಮೋಗ್ಲೋಬಿನ್ ನೋಡಿಸಿಕೊಳ್ಳಲಿ.

ಎಷ್ಟು ಕುಡಿಯಬೇಕು? ಬಾಯಾರುವ ಮುನ್ನವೇ, ಇಪ್ಪತ್ತು ನಿಮಿಷಕ್ಕೊಮ್ಮೆ ನಾಲ್ಕಾರು ಗುಟುಕು. ಒಮ್ಮೆಲೇ ಲೀಟರುಗಟ್ಟಲೆ ಸುರಿದುಕೊಳ್ಳುವುದೂ ತಪ್ಪು, ರಕ್ತದ ಉಪ್ಪಿನಂಶ ಇಳಿಯುತ್ತದೆ. ಉಪ್ಪು ಹಾಕಿದ ಮಜ್ಜಿಗೆ ಬಹಳ ಒಳ್ಳೆಯದು. ಓಆರ್‌ಎಸ್ ಪುಡಿ ಇಲ್ಲದಿದ್ದರೆ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಮಟ್ಟಸವಾಗಿ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಮೂತ್ರದ ಬಣ್ಣ ತಿಳಿ ನಿಂಬೆಯಂತಿದ್ದರೆ ಸರಿ, ಎಣ್ಣೆಯ ಹಾಗೆ ಗಾಢವಾಗಿದ್ದರೆ ಕುಡಿದದ್ದು ಸಾಲದು. ಯಾರಾದರೂ ಬಿಸಿಲಿಗೆ ತಡವರಿಸಿ ಅಸಂಬದ್ಧ ಮಾತಾಡತೊಡಗಿದರೆ ಬಾಯಿಗೆ ನೀರು ಹಾಕುತ್ತಾ ಕೂಡಬೇಡಿ. ನೆರಳಿಗೆ ತಂದು ಮೈಗೆಲ್ಲ ನೀರು ಹೊಯ್ದು ಗಾಳಿ ಬೀಸುತ್ತಲೇ 108ಕ್ಕೆ ಕರೆ ಮಾಡಲು ಒಬ್ಬರನ್ನು ಓಡಿಸಿ.

ಆ ಎರಡನೇ ನಡಿಗೆಯಲ್ಲಿ 52ರ ಗೆಳತಿ ಎರಡು ಬಾಟಲಿ ಮುಗಿಸಿ ಮೂರನೆಯದಕ್ಕೆ ಕೈ ಚಾಚಿದರು. ಈಗ ಮಳೆ ನಿಂತ ಮೇಲೆ ಎತ್ತಿಪೋತ ಜಲಪಾತದ ಕಡೆ ಹೋಗುವ ಮಾತಾಗಿದೆ. ಮೊನ್ನೆ ನಮ್ಮ ಶಿಕ್ಷಕಿಯವರು ಫೋನ್ ಮಾಡಿದ್ದರು.

“ಮೇಡಮ್ರೀ, ಮರಿಗಿ ಹಿಡಿಲಾಕ ಯಾವ ಸೀರಿ ತರ್ಲಿ? ಬಿಳಿದು ಒಂದದ.”

“ಬಿಳಿದು ಬ್ಯಾಡ್ರಿ ಅಕ್ಕೋರೆ, ಬಿಸಿಲಿಗಿ ಆಚಿಂದೆಲ್ಲ ಕಾಣ್ತದ. ಕಪ್ಪು ಇಳಕಲ್ ಇದ್ರ ತರ್ರಿ.”