ಕೆಲಸ ಜಾಸ್ತಿಯೋ, ಹಿಡಿತ ಕಮ್ಮಿಯೋ: ಕರಾಸೆಕ್ ಮಾದರಿ

'ಉದ್ಯೋಗದ ಒತ್ತಡ' ಪಾಠದಲ್ಲಿ ನಾವೆಲ್ಲ ಎಡವುವುದು ಮೊದಲ ಸಾಲಿನಲ್ಲೇ. ಕೆಲಸ ಜಾಸ್ತಿಯಾದರೆ ಒತ್ತಡ ಎಂದು ಬರೆದು ಮುಂದೆ ಹೋಗುತ್ತೇವೆ. ಅಮೆರಿಕದ ಸಂಶೋಧಕ ರಾಬರ್ಟ್ ಕರಾಸೆಕ್ 1979ರಲ್ಲಿ ಇನ್ನೊಂದು ಪ್ರಶ್ನೆ ಸೇರಿಸಿದರು. ಆ ಕೆಲಸವನ್ನು ಹೇಗೆ ಮಾಡಬೇಕು ಅನ್ನೋದು ಮಾಡುವವರ ಕೈಯಲ್ಲಿ ಎಷ್ಟಿದೆ?

ದಾವಣಗೆರೆಯ ಒಂದು ಆಡಿಟರ್ ಆಫೀಸು, 19ನೇ ತಾರೀಖಿನ ಸಂಜೆ ಅಂದುಕೊಳ್ಳಿ. ಪ್ರತಿ ತಿಂಗಳು ರಿಟರ್ನ್ ಹಾಕುವವರಿಗೆ ಜಿಎಸ್‌ಟಿಆರ್-3ಬಿ (ಜಿಎಸ್‌ಟಿ ತೆರಿಗೆಯ ಲೆಕ್ಕದ ಫಾರಂ) ಕಡೇ ದಿನ 20. ತಡವಾದರೆ ದಿನಕ್ಕೆ 50 ರೂಪಾಯಿ ಲೇಟ್ ಫೀ, ಬಾಕಿ ತೆರಿಗೆಗೆ ವರ್ಷಕ್ಕೆ ಶೇ 18 ಬಡ್ಡಿ. ಅಕೌಂಟೆಂಟ್ ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿ ತೆಗೆದು ಕೂತಿದ್ದಾನೆ. ಮಂಡಿಪೇಟೆ ಅಂಗಡಿಯಿಂದ ಖರೀದಿ ಬಿಲ್ಲೇ ಬಂದಿಲ್ಲ. ಫೋನ್ ಮಾಡಿದರೆ, "ನಾಳೆ ಹುಡುಗನ ಕೈಲಿ ಕಳಿಸ್ತೀನಿ ಬಿಡ್ರಿ" ಅಂತಾರೆ. ಆ ಗಳಿಗೆಯಲ್ಲಿ ಅವನು ಸುಮ್ನೆ ಕೂತಿದ್ದಾನೆ, ಅಲ್ವಾ? ಆದರೂ ಎದೆ ಡವಡವ. ಗಡುವು ಸರ್ಕಾರದ್ದು, ಬಿಲ್ಲು ಅಂಗಡಿಯವರದ್ದು, ಬೈಗುಳ ಮಾತ್ರ ಇವನದ್ದು. ಬೇಡಿಕೆ (ಕೆಲಸದ ಹೊರೆ) ಜಾಸ್ತಿ, ಹಿಡಿತ ಕಮ್ಮಿ. ಕರಾಸೆಕ್ ಇದನ್ನೇ 'ಅಧಿಕ ಒತ್ತಡದ ಕೆಲಸ' ಅಂದರು.

ಆಡಿಟರ್ ಕೂಡ ರಾತ್ರಿ ಹನ್ನೊಂದರವರೆಗೆ ದುಡಿಯುತ್ತಾರೆ. ಆದರೆ ಯಾವ ಪಾರ್ಟಿಯ (ಗಿರಾಕಿಯ) ಲೆಕ್ಕ ಮೊದಲು, ಯಾರನ್ನು ಕೈಬಿಡಬೇಕು ಅನ್ನೋದು ಅವರದೇ ತೀರ್ಮಾನ. ಇದು 'ಸಕ್ರಿಯ ಕೆಲಸ'. ಇಲ್ಲಿ ದಣಿವಿದ್ದರೂ ಕಲಿಕೆ ಇದೆ. ಪರೀಕ್ಷೆಯಲ್ಲಿ ಈ ಎರಡನ್ನು ಅದಲುಬದಲು ಮಾಡುವವರೇ ಜಾಸ್ತಿ, ನಾನೂ ಮಾಡಿದ್ದೇನೆ.

ಬೇಡಿಕೆ, ಹಿಡಿತ ಎರಡನ್ನೂ ಜಾಸ್ತಿ-ಕಮ್ಮಿ ಅಂತ ಚೌಕದಲ್ಲಿ ಬರೆದರೆ ನಾಲ್ಕು ಮನೆ; ಉಳಿದ ಎರಡು ಸುಲಭ. ಬೇಡಿಕೆ ಕಮ್ಮಿ, ಹಿಡಿತ ಜಾಸ್ತಿ ಇದ್ದರೆ 'ಕಡಿಮೆ ಒತ್ತಡದ ಕೆಲಸ'. ಎರಡೂ ಕಮ್ಮಿ ಇದ್ದರೆ 'ನಿಷ್ಕ್ರಿಯ ಕೆಲಸ'. ಇದನ್ನು ಸುಖ ಅಂದುಕೊಳ್ಳಬೇಡಿ, ಕಲಿತದ್ದೂ ಮರೆತುಹೋಗುತ್ತದೆ ಎಂಬುದು ಕರಾಸೆಕ್ ವಾದ.

1988ರಲ್ಲಿ ಜಾನ್ಸನ್ ಮತ್ತು ಹಾಲ್ ಎಂಬ ಸಂಶೋಧಕರು ಈ ಮಾದರಿಗೆ 'ಬೆಂಬಲ'ವನ್ನೂ ಸೇರಿಸಿದರು. ಪಕ್ಕದ ಟೇಬಲ್ಲಿನವರು "ಅರ್ಧ ಬಿಲ್ ಇತ್ಲಾಗೆ ಕೊಡು" ಅಂದರೆ ಅದೇ ಬೆಂಬಲ.

ಇಂಥ ಒತ್ತಡ ಬಹಳ ದಿನ ಮುಂದುವರಿದು ಪೂರ್ತಿ ಬಸವಳಿಯುವ 'ಬರ್ನೌಟ್' ಬಗ್ಗೆ ಒಂದೇ ಮಾತು: ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿ ಐಸಿಡಿ-11 ಅದನ್ನು ಕಾಯಿಲೆ ಅನ್ನುವುದಿಲ್ಲ, ಕೆಲಸಕ್ಕೆ ಸಂಬಂಧಿಸಿದ ವಿದ್ಯಮಾನ ಅನ್ನುತ್ತದೆ.

ಪರಿಹಾರದ ಪ್ರಶ್ನೆ ಬಂದರೆ ಹಿಡಿತದಿಂದಲೇ ಶುರು ಮಾಡಿ. 12ನೇ ತಾರೀಖಿನೊಳಗೆ ಬಿಲ್ ಕೊಡದ ಪಾರ್ಟಿಯ ಕೆಲಸ ಕೊನೆಗೆ ಅಂತ ಹೇಳುವ ಅಧಿಕಾರ ಅಕೌಂಟೆಂಟಿಗೆ ಇರಲಿ. ನಾನಿದ್ದ ಆಫೀಸಿನಲ್ಲಿ ಒತ್ತಡ ಕಮ್ಮಿ ಮಾಡೋಕೆ ಧ್ಯಾನದ ಕ್ಲಾಸ್ ಇಟ್ಟಿದ್ದರು. 19ನೇ ತಾರೀಖು, ಸಂಜೆ ಆರಕ್ಕೆ.