ನೀರಿನ ಸೀಸವನ್ನು ಹಿಡಿಯುವ ಬಿಸ್ಮತ್ ಪದರ

ನೀರು ಶುದ್ಧೀಕರಣ ಯಂತ್ರ ಮಾರಲು ಬರುವವರು ತೋರಿಸುವ ಒಂದು ಪ್ರಯೋಗ ಮಂಡ್ಯ, ಮೈಸೂರಿನ ಬಡಾವಣೆಗಳವರಿಗೆ ಚೆನ್ನಾಗಿ ಪರಿಚಿತ. ಒಂದು ಲೋಟದಲ್ಲಿ ಕೊಳವೆಬಾವಿಯ ನೀರು, ಇನ್ನೊಂದರಲ್ಲಿ ಯಂತ್ರದ ನೀರು; ಲೋಹದ ಸರಳುಗಳನ್ನು ಅದ್ದಿ ಸ್ವಿಚ್ ಒತ್ತಿದೊಡನೆ ಮೊದಲನೆಯದು ಕಂದು ಬಗ್ಗಡವಾಗುತ್ತದೆ, ‘ಇದೇ ನೀವು ಕುಡಿಯುತ್ತಿರುವ ವಿಷ’ ಎಂಬ ಮಾತು ಹಿಂದೆಯೇ ಬರುತ್ತದೆ. ಆ ಕಂದು ಬಣ್ಣ ಬರುವುದು ಸರಳಿನ ಕಬ್ಬಿಣದಿಂದಲೇ. ಲವಣವಿರುವ ನೀರಿನಲ್ಲಿ ವಿದ್ಯುತ್ ಸರಾಗವಾಗಿ ಹರಿದು ಕಬ್ಬಿಣ ಕರಗುತ್ತದೆ. ಯಂತ್ರದ ನೀರಿಗೆ ಚಿಟಿಕೆ ಉಪ್ಪು ಬೆರೆಸಿದರೆ ಅದೂ ಕಂದಾಗುತ್ತದೆ. ನೀರಿನಲ್ಲಿ ಕರಗಿರುವ ಒಟ್ಟು ಲವಣವನ್ನು ಅಂದಾಜಿಸುವ ಟಿಡಿಎಸ್ ಮೀಟರಿನಲ್ಲಿ ಇಂಥ ಮೋಸವಿಲ್ಲ, ಆದರೆ ಸೀಸದ ವಿಷಯದಲ್ಲಿ ಅದು ಕುರುಡು. ಭಾರತೀಯ ಮಾನಕ 10500ರ ಪ್ರಕಾರ ಕುಡಿಯುವ ನೀರಿನ ಪ್ರತಿ ಲೀಟರಿನಲ್ಲಿ ಸೀಸ 0.01 ಮಿಲಿಗ್ರಾಂ, ಕ್ಯಾಡ್ಮಿಯಂ 0.003 ಮಿಲಿಗ್ರಾಂ ಮೀರಬಾರದು. ಲೀಟರಿಗೆ 500 ಮಿಲಿಗ್ರಾಂ ಲವಣವಿರುವ ನೀರಿನಲ್ಲಿ ಸೀಸವು ಮಿತಿಯ ಎರಡರಷ್ಟಿದ್ದರೂ ಅದು ಒಟ್ಟು ಲವಣದ 25,000ದಲ್ಲಿ ಒಂದು ಪಾಲು ಮಾತ್ರ. ಮೀಟರಿನ ಅಂಕಿ ಅಲುಗುವುದೇ ಇಲ್ಲ.

ಇಷ್ಟು ಅಲ್ಪ ಪ್ರಮಾಣವನ್ನು ಅಳೆಯಲು ಮೊದಲು ಅದನ್ನು ಒಂದೆಡೆ ಕೂಡಿಹಾಕಬೇಕು. ಇಂಗಾಲದ ಪುಟ್ಟ ವಿದ್ಯುದ್ವಾರದ ಮೇಲೆ ಬಿಸ್ಮತ್ ಲೋಹದ ತೆಳುಪದರವನ್ನು ಲೇಪಿಸಿ, ಸುಮಾರು ಮೈನಸ್ 1.2 ವೋಲ್ಟ್ ಕೊಟ್ಟು, ನೀರನ್ನು ಕಲಕುತ್ತಾ ಕೆಲವು ನಿಮಿಷ ಬಿಟ್ಟರೆ, ಸೀಸ ಮತ್ತು ಕ್ಯಾಡ್ಮಿಯಂ ಅಯಾನುಗಳು ಎಲೆಕ್ಟ್ರಾನು ಪಡೆದು ಲೋಹವಾಗಿ ಬಿಸ್ಮತ್‌ನೊಂದಿಗೆ ಬೆರೆಯುತ್ತವೆ. ಆಮೇಲೆ ವೋಲ್ಟೇಜನ್ನು ಮೇಲಕ್ಕೆ ಸರಿಸುತ್ತಾ ಹೋಗಬೇಕು. ಮೈಸೂರಿನಿಂದ ಹೊರಟ ಬಸ್ಸಿನಿಂದ ಶ್ರೀರಂಗಪಟ್ಟಣದವರು, ಮಂಡ್ಯದವರು, ಮದ್ದೂರಿನವರು ತಂತಮ್ಮ ನಿಲ್ದಾಣದಲ್ಲಿ ಇಳಿಯುವಂತೆ, ಕ್ಯಾಡ್ಮಿಯಂ ಮೈನಸ್ 0.8ರ ಆಸುಪಾಸಿನಲ್ಲೂ ಸೀಸ ಮೈನಸ್ 0.55ರ ಆಸುಪಾಸಿನಲ್ಲೂ ಪದರವನ್ನು ಬಿಟ್ಟು ನೀರಿಗಿಳಿಯುತ್ತವೆ. ಪ್ರತಿ ಇಳಿತಕ್ಕೂ ವಿದ್ಯುತ್ ಪ್ರವಾಹ ಒಮ್ಮೆ ಏರಿ ತಗ್ಗುತ್ತದೆ. ಆ ಏರಿನ ಸ್ಥಾನ ಲೋಹ ಯಾವುದೆಂದು ಹೇಳಿದರೆ, ಎತ್ತರ ಅದು ಎಷ್ಟಿದೆಯೆಂದು ಹೇಳುತ್ತದೆ.

ಪದರ ತೆಳುವಾಗಿರುವುದರಲ್ಲೇ ಇದರ ಗುಟ್ಟೆಲ್ಲ ಇದೆ. ದಪ್ಪನೆಯ ಲೋಹವಾದರೆ ಸೀಸದ ಪರಮಾಣುಗಳು ಒಳಕ್ಕೆ ಇಳಿದು, ಹಿಂದಿರುಗುವಾಗ ಒಂದೊಂದಾಗಿ ನಿಧಾನವಾಗಿ ಮೇಲೆ ಬರಬೇಕಾಗುತ್ತದೆ. ಆಗ ಏರು ಅಗಲವಾಗಿ, ತಗ್ಗಾಗಿ, ಪಕ್ಕದ ಲೋಹದ ಏರಿನೊಂದಿಗೆ ಕಲೆಸಿಹೋಗುತ್ತದೆ. ಒಂದು ಮೈಕ್ರಾನಿಗಿಂತ ತೆಳುವಾದ ಪದರದಲ್ಲಿ ಅಡಗಲು ಆಳವೇ ಇಲ್ಲವಾದ್ದರಿಂದ ಎಲ್ಲವೂ ಹೆಚ್ಚುಕಡಿಮೆ ಒಟ್ಟಿಗೇ ಹೊರಬಿದ್ದು ಚೂಪಾದ ಏರು ಮೂಡುತ್ತದೆ.

ಈ ಕೆಲಸವನ್ನು ದಶಕಗಳ ಕಾಲ ಮಾಡಿದ್ದು ಪಾದರಸ. 1922ರಲ್ಲಿ ಪ್ರಾಗ್‌ನ ಯಾರೊಸ್ಲಾವ್ ಹೇಯ್ರೊವ್ಸ್ಕಿ ಪಾದರಸದ ಹನಿಯನ್ನೇ ವಿದ್ಯುದ್ವಾರವಾಗಿಸಿ, ವೋಲ್ಟೇಜಿನೊಂದಿಗೆ ಬದಲಾಗುವ ಪ್ರವಾಹದಿಂದ ದ್ರಾವಣದಲ್ಲಿ ಏನೆಷ್ಟಿದೆಯೆಂದು ತಿಳಿಯುವ ಪೋಲರೋಗ್ರಫಿಗೆ ಅಡಿಪಾಯ ಹಾಕಿದರು; 1959ರಲ್ಲಿ ಅವರಿಗೆ ನೊಬೆಲ್ ಬಂತು. ವಿಷಲೋಹವನ್ನು ಪತ್ತೆಹಚ್ಚಲು ಇನ್ನೊಂದು ವಿಷಲೋಹವನ್ನೇ ಬಳಸಬೇಕಾದ ಮುಜುಗರ 2000ದಲ್ಲಿ ಜೋಸೆಫ್ ವಾಂಗ್ ಮತ್ತು ಸಂಗಡಿಗರು ಬಿಸ್ಮತ್ ಪದರವನ್ನು ಮುಂದಿಟ್ಟ ಮೇಲೆ ಬಹುಮಟ್ಟಿಗೆ ತಪ್ಪಿತು. ಎದೆಯುರಿಯ ಔಷಧಗಳಲ್ಲೂ ಬಳಕೆಯಲ್ಲಿರುವ ಬಿಸ್ಮತ್‌ನ ವಿಷ ಪಾದರಸಕ್ಕಿಂತ ತೀರಾ ಕಡಿಮೆ.

ಆದರೆ ಬಿಸ್ಮತ್‌ಗೂ ಮಿತಿಯಿದೆ. ವೋಲ್ಟೇಜ್ ಇನ್ನಷ್ಟು ಏರಿದರೆ ಅದೇ ಕರಗಿಹೋಗುವುದರಿಂದ, ಅದಕ್ಕಿಂತ ತಡವಾಗಿ ಕರಗುವ ಪಾದರಸವನ್ನು ಅದರಿಂದ ಅಳೆಯಲಾಗದು. ಪಾದರಸಕ್ಕೂ ಆರ್ಸೆನಿಕ್‌ಗೂ ಚಿನ್ನದ ತೆಳುಪದರವೇ ಬೇಕು. ತಾಮ್ರವಂತೂ ಬಿಸ್ಮತ್‌ನೊಂದಿಗೆ ಜಾಗಕ್ಕೆ ಪೈಪೋಟಿ ನಡೆಸಿ ಸೀಸದ ಏರನ್ನು ಕುಗ್ಗಿಸುತ್ತದೆ. ಆದ್ದರಿಂದ ರಾತ್ರಿಯಿಡೀ ತಾಮ್ರದ ಚೊಂಬಿನಲ್ಲಿ ಇಟ್ಟ ನೀರನ್ನು, ಅದರ ಮಹಿಮೆ ಏನೇ ಇರಲಿ, ಈ ಪರೀಕ್ಷೆಗೆ ತರಬಾರದು.

ಕಣಗಳಿಗೆ ಅಂಟಿಕೊಂಡ ಸೀಸವೂ ಈ ಪದರಕ್ಕೆ ಸಿಗುವುದಿಲ್ಲ. ನೀರಿಗೆ ಆಮ್ಲ ಸೇರಿಸಿ ಅದನ್ನು ಬಿಡಿಸಿಕೊಳ್ಳಬೇಕು. ಇಷ್ಟಾದ ಮೇಲೂ ಒಂದು ಏರನ್ನು ನೋಡಿ ಯಾರೂ ತೀರ್ಪು ಕೊಡುವುದಿಲ್ಲ. ಅದೇ ನೀರಿಗೆ ಲೀಟರಿಗೆ 10 ಮೈಕ್ರೊಗ್ರಾಂನಷ್ಟು (ಅಂದರೆ 0.01 ಮಿಲಿಗ್ರಾಂ) ಸೀಸವನ್ನು ಬೇಕೆಂದೇ ಬೆರೆಸಿ ಮತ್ತೆ ಅಳೆಯುತ್ತಾರೆ: ಏರು ಮೊದಲಿನ ಎರಡರಷ್ಟಾದರೆ ನೀರಿನಲ್ಲಿ ಮೊದಲೇ 10 ಮೈಕ್ರೊಗ್ರಾಂ ಇತ್ತೆಂದು ಅರ್ಥ, ಒಂದೂವರೆಯಷ್ಟಾದರೆ 20.