ಒಂದು ಕಾಯಿ ಹೆಚ್ಚಾಗಿತ್ತು

ನನ್ನ ಚಿಕ್ಕಪ್ಪ ಇಸ್ಪೀಟಿನಲ್ಲಿ ಮೊದಲು ಬೈಕ್ ಕಳೆದುಕೊಂಡರು, ಆಮೇಲೆ ಚಿಕ್ಕಮ್ಮನ ಸರ, ಕೊನೆಗೆ ಕೆರೆ ಕೆಳಗಿನ ಗದ್ದೆ. ಪ್ರತಿ ಸಲವೂ ಮನೆಗೆ ಬಂದು ಹೇಳುತ್ತಿದ್ದದ್ದು ಒಂದೇ ಮಾತು: "ಒಂದೇ ಒಂದು ಎಲೆ ಕಣೋ. ಅದೊಂದು ಬಿದ್ದಿದ್ರೆ ಎಲ್ಲಾ ವಾಪಸ್ ಬರ್ತಿತ್ತು." ಆಗ ನನಗದು ನೆಪ ಅನ್ನಿಸುತ್ತಿತ್ತು. ಈಗ ಅನ್ನಿಸುವುದಿಲ್ಲ.

ಋಗ್ವೇದದ 10ನೇ ಮಂಡಲದಲ್ಲಿ 34ನೆಯದು ಅಕ್ಷಸೂಕ್ತ, ಅಂದರೆ ದಾಳಗಳ ಬಗೆಗಿನ ಸೂಕ್ತ. ಸುಮಾರು 3000 ವರ್ಷ ಹಳೆಯದು. ಎಲ್ಲವನ್ನೂ ಕಳೆದುಕೊಂಡ ಜೂಜುಕೋರನೊಬ್ಬ ಅದರಲ್ಲಿ ತನ್ನ ಕಥೆಯನ್ನು ತಾನೇ ಹೇಳಿಕೊಳ್ಳುತ್ತಾನೆ. ಅವನ ದಾಳಗಳು ತಾರೆಕಾಯಿಗಳು. ತ್ರಿಫಲಾ ಚೂರ್ಣಕ್ಕೆ ನೆಲ್ಲಿ, ಅಳಲೆ ಜೊತೆ ಹಾಕುತ್ತಾರಲ್ಲ, ಅದೇ ತಾರೆ. ಅತ್ತೆ ದ್ವೇಷಿಸುತ್ತಾಳೆ, ಮಾರಾಟಕ್ಕಿಟ್ಟ ಮುದಿ ಕುದುರೆಯಂತೆ ನನ್ನಿಂದ ಯಾರಿಗೂ ಉಪಯೋಗವಿಲ್ಲ ಅನ್ನುತ್ತಾನೆ. ಅಪ್ಪ, ಅಮ್ಮ, ಅಣ್ಣತಮ್ಮಂದಿರೇ "ಇವನು ಯಾರೋ ನಮಗೆ ಗೊತ್ತಿಲ್ಲ, ಕಟ್ಟಿ ಎಳೆದುಕೊಂಡು ಹೋಗಿ" ಅನ್ನುತ್ತಾರಂತೆ. ಸಾಲ ಕೊಟ್ಟವರು ನಮ್ಮ ಜಗಲಿ ಮೇಲೆ ಬಂದು ಕೂತ ದಿನ ನಮ್ಮಜ್ಜ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ.

ಆದರೆ ನಾನು ಓದುತ್ತಾ ತಡೆದು ನಿಂತದ್ದು ಎರಡನೇ ಪದ್ಯದಲ್ಲಿ. ಹೆಂಡತಿ ನನ್ನ ಮೇಲೆ ಸಿಟ್ಟಾದವಳಲ್ಲ, ನನಗೂ ನನ್ನ ಗೆಳೆಯರಿಗೂ ಒಳ್ಳೆಯವಳಾಗಿದ್ದಳು, ಅಂಥವಳನ್ನು "ಏಕಪರ"ವಾದ ಒಂದು ಕಾಯಿಗಾಗಿ ದೂರ ಮಾಡಿಕೊಂಡೆ ಅನ್ನುತ್ತಾನೆ. ಏಕಪರ ಅಂದರೆ ಒಂದು ಹೆಚ್ಚಾದದ್ದು. ಆ ಆಟವನ್ನು ಪಂಡಿತರು ಹೀಗೆ ವಿವರಿಸುತ್ತಾರೆ: ರಾಶಿಯಿಂದ ಹಿಡಿ ಕಾಯಿ ಎತ್ತಬೇಕು, ನಾಲ್ಕು ನಾಲ್ಕಾಗಿ ಎಣಿಸಬೇಕು. ಏನೂ ಉಳಿಯದಿದ್ದರೆ ಕೃತ, ಅದೇ ಗೆಲುವು. ಒಂದು ಉಳಿದರೆ ಕಲಿ, ಎಲ್ಲಕ್ಕಿಂತ ಕೆಟ್ಟ ಸೋಲು. (ನಳನನ್ನು ಹಿಡಿದ ಕಲಿಯ ಹೆಸರೂ ಇದೇ. ನಳನನ್ನು ಬಿಟ್ಟ ಮೇಲೆ ಅವನು ಹೋಗಿ ಸೇರಿದ್ದು ತಾರೆಮರವನ್ನೇ.) ಅತಿ ದೊಡ್ಡ ಗೆಲುವಿಗೂ ಅತಿ ಕೆಟ್ಟ ಸೋಲಿಗೂ ನಡುವೆ ಒಂದೇ ಕಾಯಿ. ಚಿಕ್ಕಪ್ಪನ ಎಲೆಯೂ ಒಂದೇ.

ಹೀಗೆ ಕೂದಲೆಳೆಯಲ್ಲಿ ತಪ್ಪಿದ ಗೆಲುವಿಗೆ ವಿಜ್ಞಾನಿಗಳು ನಿಯರ್ ಮಿಸ್ ಅನ್ನುತ್ತಾರೆ. 2009ರಲ್ಲಿ ಕೇಂಬ್ರಿಡ್ಜ್‌ನ ಲ್ಯೂಕ್ ಕ್ಲಾರ್ಕ್ ಮತ್ತು ಜೊತೆಗಾರರು ಜನರನ್ನು ಎಂಆರ್‌ಐ ಯಂತ್ರದೊಳಗೆ ಮಲಗಿಸಿ ಸ್ಲಾಟ್ ಮಷಿನ್‌ನಂಥ ಆಟ, ಅಂದರೆ ತಿರುಗುವ ಚಿತ್ರಗಳು ನಿಂತಾಗ ಹೊಂದಿಕೊಂಡರೆ ಹಣ ಸಿಗುವ ಆಟ, ಆಡಿಸಿದರು. ಚಿತ್ರ ಒಂದು ಮನೆ ಆಚೆಗೋ ಈಚೆಗೋ ನಿಂತು ಸೋತಾಗ, ಗೆದ್ದಾಗ ಚುರುಕಾಗುವ ಮೆದುಳಿನ ಜಾಗಗಳೇ ಚುರುಕಾದವು. ಇಂಥ ಸೋಲು ಬೇರೆ ಸೋಲಿಗಿಂತ ಜಾಸ್ತಿ ಬೇಜಾರು ತರುತ್ತದೆ ಅಂತ ಆಡಿದವರು ಹೇಳಿದರು. ಆದರೆ ಚಿತ್ರವನ್ನು ತಾವೇ ಆರಿಸಿದ್ದಾಗ, ಇನ್ನೊಂದಾಟ ಆಡುವ ಆಸೆಯೂ ಜಾಸ್ತಿಯಾಯಿತು.

ಗೋಲಿ ಆಡುವ ಹುಡುಗನಿಗೆ ಈ ಆಸೆ ಒಳ್ಳೆಯದೇ. ಗುರಿ ಸ್ವಲ್ಪದರಲ್ಲಿ ತಪ್ಪಿದರೆ ಕೈ ಪಳಗುತ್ತಿದೆ ಅಂತ ಅರ್ಥ, ಅಲ್ವಾ? ಆದರೆ ಕಲೆಸಿ ಹಂಚಿದ ಎಲೆಗೆ, ಉರುಳುವ ಕಾಯಿಗೆ ಹಿಂದಿನ ಆಟದ ನೆನಪೇ ಇರುವುದಿಲ್ಲ. ಮೆದುಳು ಮಾತ್ರ ತಾನು ಕಲಿಯುತ್ತಿದ್ದೇನೆ ಅಂದುಕೊಳ್ಳುತ್ತದೆ.

ಕಾಯುವ ಹೊತ್ತೂ ಸುಮ್ನೆ ಕಳೆಯುವುದಿಲ್ಲ. 2003ರಲ್ಲಿ ನರವಿಜ್ಞಾನಿ ವೋಲ್ಫ್ರಾಮ್ ಶುಲ್ಟ್ಸ್ ಅವರ ತಂಡ ಕೋತಿಗಳಿಗೆ ಒಂದೊಂದು ಗುರುತು ತೋರಿಸಿ, ಸ್ವಲ್ಪ ಹೊತ್ತಿನ ಮೇಲೆ ಕುಡಿಯಲು ರಸ ಕೊಡುತ್ತಿತ್ತು. ಕೆಲವು ಗುರುತಿಗೆ ರಸ ಗ್ಯಾರಂಟಿ, ಕೆಲವಕ್ಕೆ ಸಿಕ್ಕರೂ ಸಿಕ್ಕಿತು. ಕಾಯುವಾಗ ಮೆದುಳಿನಲ್ಲಿ ಡೋಪಮಿನ್ (ಆಸೆ ಹುಟ್ಟಿಸುವುದರಲ್ಲಿ ಪಾತ್ರವಿರುವ ರಾಸಾಯನಿಕ) ಬಿಡುವ ಕೋಶಗಳ ಚಟುವಟಿಕೆ ಮೆಲ್ಲಗೆ ಏರುತ್ತಿತ್ತು. ಅದು ಎಲ್ಲಕ್ಕಿಂತ ಜಾಸ್ತಿ ಏರಿದ್ದು ಸಿಗುವ, ಸಿಗದಿರುವ ಸಾಧ್ಯತೆ ಸಮಸಮ ಇದ್ದಾಗ. ಸೂಕ್ತದ ಜೂಜುಕೋರ "ಗೆಲ್ಲುತ್ತೇನಾ?" ಅಂತ ತನ್ನನ್ನೇ ಕೇಳಿಕೊಳ್ಳುತ್ತಾ ಜೂಜಿನ ಸಭೆಗೆ ಹೋಗುವುದು ಇದೇ ಸ್ಥಿತಿಯಲ್ಲಿ.

ಇದನ್ನೆಲ್ಲ ಓದಿಯೂ "ಮನಸ್ಸು ಗಟ್ಟಿ ಇದ್ದಿದ್ದರೆ ಬಿಡುತ್ತಿದ್ದ" ಅನ್ನುವವರಿಗೆ ನಾನು ಪಾರ್ಕಿನ್‌ಸನ್ ರೋಗಿಗಳ ವಿಷಯ ಹೇಳುತ್ತೇನೆ. ಅವರಿಗೆ ಕೊಡುವ ಪ್ರಮಿಪೆಕ್ಸೋಲ್‌ನಂಥ ಮಾತ್ರೆ ಮೆದುಳಿನಲ್ಲಿ ಡೋಪಮಿನ್‌ನಂತೆ ಕೆಲಸ ಮಾಡುತ್ತದೆ. ಜೂಜಿನ ಗೀಳೇ ಇಲ್ಲದಿದ್ದ ಕೆಲವರು ಅದನ್ನು ತೆಗೆದುಕೊಳ್ಳಲು ಶುರುಮಾಡಿದ ಮೇಲೆ ಜೂಜಿಗೆ ಬಿದ್ದರು. ಡಾಕ್ಟರು ಡೋಸ್ ಇಳಿಸಿದಾಗ, ಮಾತ್ರೆ ಬದಲಿಸಿದಾಗ ಹಲವರ ಚಟ ಹೋಯಿತು. ಅವರ ಮನಸ್ಸಿನ ಗಟ್ಟಿತನ ಮಾತ್ರೆಯ ಜೊತೆ ಬಂದು ಹೋಗಿದ್ದಾ? 2013ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ತನ್ನ ಕೈಪಿಡಿಯಲ್ಲಿ ಜೂಜಿನ ಚಟವನ್ನು ಕುಡಿತ, ಡ್ರಗ್ಸ್ ಇರುವ ಅಧ್ಯಾಯಕ್ಕೇ ಸೇರಿಸಿತು.

ಹಾಗಂತ ಚಿಕ್ಕಮ್ಮ ಪಟ್ಟ ಪಾಡು ಕಡಿಮೆಯಾಗುವುದಿಲ್ಲ. ಸೂಕ್ತದಲ್ಲೂ ಹೆಂಡತಿ ಕೊರಗುತ್ತಾಳೆ, ತಾಯಿ ಅಲೆಯುವ ಮಗನಿಗಾಗಿ ಅಳುತ್ತಾಳೆ, ಅವನು ಸಾಲಕ್ಕೆ ಹೆದರಿ ರಾತ್ರಿ ಬೇರೆಯವರ ಮನೆಗೆ ಹೋಗುತ್ತಾನೆ. ಇನ್ನು ಆಡಲ್ಲ ಅಂತ ಅವನು ನಿರ್ಧಾರವನ್ನೂ ಮಾಡುತ್ತಾನೆ. ಆದರೆ ಕಾಯಿ ಉರುಳುವ ಸದ್ದು ಕೇಳಿದ್ದೇ ಎದ್ದು ನಡೆಯುತ್ತಾನೆ. ಚಿಕ್ಕಪ್ಪ ಧರ್ಮಸ್ಥಳದ ಮಂಜುನಾಥನ ಮೇಲೆ ಆಣೆ ಮಾಡಿ ಬಂದು ಹನ್ನೊಂದು ದಿನ ಇದ್ದರು. ಹನ್ನೆರಡನೇ ದಿನ ಯಾರೋ ಬೈಕ್ ಹಾರ್ನ್ ಹೊಡೆದು ಕರೆದರು.

ಈಗ ಆ ಸದ್ದು ಜೇಬಿನಲ್ಲೇ ಬರುತ್ತದೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನಿಗೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿಗೆ ಕೊಟ್ಟಿತು. ನನಗದು ಸರಿ ಅನ್ನಿಸುತ್ತದೆ. ಆದರೆ ಈಗಾಗಲೇ ಸಿಕ್ಕಿಕೊಂಡವರಿಗೆ ಬೇಕಿರುವುದು ಚಿಕಿತ್ಸೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು. ನಮ್ಮ ಮನೆಯಲ್ಲಿ ಆಗ ಯಾರಿಗೂ ಇದು ಕಾಯಿಲೆ ಅಂತಲೇ ಗೊತ್ತಿರಲಿಲ್ಲ.

ಜೂಜಾಡಬೇಡ, ಹೊಲ ಉಳು ಅನ್ನುವ ಸಾಲಿಗೇ ಸೂಕ್ತ ಮುಗಿಯುತ್ತದೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಅದಾದ ಮೇಲೆ ಇನ್ನೊಂದು ಪದ್ಯ ಇದೆ. ಅದರಲ್ಲಿ ಜೂಜುಕೋರ ಕಾಯಿಗಳಿಗೇ ಕೈಮುಗಿದಂತೆ ಬೇಡಿಕೊಳ್ಳುತ್ತಾನೆ: ನನ್ನ ಮೇಲೆ ದಯೆ ಇರಲಿ, ನಿಮ್ಮ ಸಿಟ್ಟು ತಣ್ಣಗಾಗಲಿ, ನಿಮ್ಮ ಕುಣಿಕೆಗೆ ಇನ್ನು ಬೇರೆ ಯಾರಾದರೂ ಸಿಗಲಿ.